ಸ್ವಯಂ ಸೇವಾ ವಾಹನ ತೊಳೆಯುವ ಘಟಕಗಳು: ನಾಜಲ್ ಮತ್ತು ನೀರಿನ ಒತ್ತಡದ ಆಯ್ಕೆ

ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಪಟ್ಟಣಗಳಲ್ಲಿ ಸ್ವಯಂ ಸೇವಾ ವಾಹನ ತೊಳೆಯುವ ಘಟಕವನ್ನು ಸ್ಥಾಪಿಸಲು ಇಚ್ಛಿಸುವ ಸಾರ್ವಜನಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಂತಹ ಘಟಕದಲ್ಲಿ ವಾಹನದ ಮಾಲೀಕರೇ ಗನ್ ಹಿಡಿದು ತಮ್ಮ ವಾಹನವನ್ನು ತೊಳೆಯುತ್ತಾರೆ. ಅನುಭವವಿಲ್ಲದವರ ಕೈಗೂ ಗನ್ ಹೋಗುವುದರಿಂದ, ಮಿತ ನೀರಿನಲ್ಲಿ ಅಪಾಯವಿಲ್ಲದೆ ಕೆಲಸವಾಗುವಂತೆ ಉಪಕರಣಗಳನ್ನು ಆಯ್ಕೆ ಮಾಡುವುದು ಅವಶ್ಯಕ.

1. ಮೊದಲು ನೀರು, ನಂತರ ಯಂತ್ರ

ತುಮಕೂರು ನಗರಕ್ಕೆ ಹೇಮಾವತಿ ನಾಲೆಯ ನೀರನ್ನು ಬುಗುಡನಹಳ್ಳಿ ಕೆರೆಯಲ್ಲಿ ಸಂಗ್ರಹಿಸಿ ಪೂರೈಸಲಾಗುತ್ತದೆ. ನಾಲೆಯಲ್ಲಿ ವರ್ಷವಿಡೀ ನೀರು ಹರಿಯುವುದಿಲ್ಲ. ಬೆಂಗಳೂರಿನಲ್ಲಿ 2024ರ ಮಾರ್ಚ್ ತಿಂಗಳಿನಲ್ಲಿ ನೀರಿನ ಅಭಾವ ತಲೆದೋರಿದಾಗ, ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ಜಲಮಂಡಳಿಯು ನಿಷೇಧಿಸಿ, ಉಲ್ಲಂಘಿಸಿದವರಿಗೆ ರೂ. 5,000 ದಂಡ ನಿಗದಿಪಡಿಸಿತ್ತು. ಕುಡಿಯುವ ನೀರಿನ ಸಂಪರ್ಕವನ್ನೇ ನಂಬಿದ ಘಟಕವು ಬರಗಾಲದಲ್ಲಿ ಮೊದಲು ನಿಲ್ಲುತ್ತದೆ ಎಂಬುದನ್ನು ಅರ್ಜಿದಾರರು ಗಮನದಲ್ಲಿರಿಸಿಕೊಳ್ಳುವುದು.

ನಿಮಿಷಕ್ಕೆ 12 ಲೀಟರ್ ನೀರು ಹರಿಸುವ ಪಂಪಿನಿಂದ ಒಂದು ಕಾರನ್ನು 5 ನಿಮಿಷ ತೊಳೆದರೆ 60 ಲೀಟರ್ ವೆಚ್ಚವಾಗುತ್ತದೆ. ದಿನಕ್ಕೆ 30 ವಾಹನಗಳಿಗೆ 1,800 ಲೀಟರ್ ಬೇಕು. ಇದೇ ಕೆಲಸಕ್ಕೆ ನಿಮಿಷಕ್ಕೆ 20 ಲೀಟರಿನ ಪಂಪು ಅಳವಡಿಸಿದರೆ 3,000 ಲೀಟರ್ ಬೇಕಾಗುತ್ತದೆ. ಬೇಸಿಗೆಯಲ್ಲಿ ತಮಗೆ ಖಚಿತವಾಗಿ ದೊರೆಯುವ ನೀರನ್ನು ಲೆಕ್ಕ ಹಾಕಿದ ನಂತರವೇ ಪಂಪು ಖರೀದಿಸುವುದು ಸೂಕ್ತ.

2. ಒತ್ತಡ ಮತ್ತು ನಾಜಲ್ ಸಂಖ್ಯೆ

ಕಾರಿನ ಹೊರಮೈಗೆ ಸುಮಾರು 70ರಿಂದ 85 ಬಾರ್ ಒತ್ತಡ ಸಾಕು. ಒತ್ತಡವನ್ನು ಪಂಪು ಮಾತ್ರವಲ್ಲದೆ ನಾಜಲಿನ ರಂಧ್ರದ ಅಳತೆಯೂ ನಿರ್ಧರಿಸುತ್ತದೆ. ನಾಜಲ್ ಮೇಲೆ 25060 ಎಂದಿದ್ದರೆ, ಮೊದಲ ಎರಡು ಅಂಕಿಗಳು ನೀರು ಹರಡುವ ಕೋನವನ್ನು (25 ಡಿಗ್ರಿ), ಉಳಿದ ಅಂಕಿಗಳು ರಂಧ್ರದ ಅಳತೆಯನ್ನು (6.0) ಸೂಚಿಸುತ್ತವೆ. ನಿಮಿಷಕ್ಕೆ 12 ಲೀಟರಿನ ಪಂಪಿಗೆ ವಿವಿಧ ನಾಜಲ್‌ಗಳನ್ನು ಅಳವಡಿಸಿದಾಗ ಉಂಟಾಗುವ ಒತ್ತಡವು ಸುಮಾರಾಗಿ ಈ ಕೆಳಕಂಡಂತಿರುತ್ತದೆ:

ಅಳತೆ 5 – 110 ಬಾರ್
ಅಳತೆ 6 – 77 ಬಾರ್
ಅಳತೆ 8 – 43 ಬಾರ್

ಅಂದರೆ ಸದರಿ ಪಂಪಿಗೆ 6ನೇ ಅಳತೆಯ ನಾಜಲ್ ಹೊಂದುತ್ತದೆ. 8ನೇ ಅಳತೆಯದನ್ನು ಹಾಕಿದಲ್ಲಿ ಕೆಸರು ಬಿಡುವುದಿಲ್ಲ. ಗ್ರಾಹಕರು ಹೆಚ್ಚು ಹೊತ್ತು ನೀರು ಬಿಡುತ್ತಾರೆ. ಅಗತ್ಯಕ್ಕಿಂತ ಚಿಕ್ಕದನ್ನು ಹಾಕಿದಲ್ಲಿ ಪಂಪಿನ ಮೇಲೆ ಹೊರೆ ಬಿದ್ದು ವಿದ್ಯುತ್ ವ್ಯರ್ಥವಾಗುತ್ತದೆ. 12 ಲೀಟರ್ ಹಾಗೂ 80 ಬಾರ್‌ಗೆ 3 ಅಶ್ವಶಕ್ತಿಯ ಮೋಟಾರು ಸಾಕಾಗುತ್ತದೆ.

3. ನಾಜಲ್ ಬಣ್ಣಗಳು

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಈ ಬಣ್ಣಗಳು ಬಳಕೆಯಲ್ಲಿವೆ. ಖರೀದಿಸುವಾಗ ಬಣ್ಣದ ಜೊತೆಗೆ ಸಂಖ್ಯೆಯನ್ನೂ ಪರಿಶೀಲಿಸುವುದು.

ಕೆಂಪು (0 ಡಿಗ್ರಿ): ಬಣ್ಣವನ್ನು ಕೀಳುತ್ತದೆ, ಟೈರಿಗೆ ಹಾನಿ ಮಾಡುತ್ತದೆ. ಸ್ವಯಂ ಸೇವಾ ಘಟಕದಲ್ಲಿ ಇರಿಸಬಾರದು.
ಹಳದಿ (15 ಡಿಗ್ರಿ): ಟ್ರ್ಯಾಕ್ಟರ್ ಮತ್ತು ಲಾರಿಗಳ ಚಾಸಿಗೆ ಅಂಟಿದ ಮಣ್ಣಿಗೆ ಮಾತ್ರ.
ಹಸಿರು (25 ಡಿಗ್ರಿ): ಕಾರು ಮತ್ತು ದ್ವಿಚಕ್ರ ವಾಹನಗಳಿಗೆ, ಸುಮಾರು ಒಂದು ಅಡಿ ಅಂತರದಿಂದ.
ಬಿಳಿ (40 ಡಿಗ್ರಿ): ಗಾಜು ಮತ್ತು ಕೊನೆಯ ತೊಳೆತಕ್ಕೆ.
ಕಪ್ಪು: ಕಡಿಮೆ ಒತ್ತಡದಲ್ಲಿ ಸೋಪಿನ ದ್ರಾವಣಕ್ಕೆ.

4. ನಿರ್ವಹಣೆ

ಕೊಳವೆ ಬಾವಿಯ ನೀರಿನಲ್ಲಿರುವ ಮರಳು ನಾಜಲಿನ ರಂಧ್ರವನ್ನು ಸವೆಸುತ್ತದೆ. ಗಡಸು ನೀರಿನ ಸುಣ್ಣವು ರಂಧ್ರವನ್ನು ಕಟ್ಟುವುದಲ್ಲದೆ ವಾಹನದ ಮೇಲೆ ಬಿಳಿ ಕಲೆ ಉಳಿಸುತ್ತದೆ. ಮರಳನ್ನು ತಡೆಯಲು ಪಂಪಿಗೆ ನೀರು ಸೇರುವ ಮೊದಲು ಫಿಲ್ಟರ್ ಅಳವಡಿಸತಕ್ಕದ್ದು.

ತಿಂಗಳಿಗೊಮ್ಮೆ 10 ಲೀಟರ್ ಬಕೆಟ್ ತುಂಬುವ ಸಮಯವನ್ನು ನೋಡಿ, ಪ್ರೆಷರ್ ಗೇಜ್ ಓದುವುದು. 12 ಲೀಟರಿನ ಪಂಪಿನಲ್ಲಿ ಬಕೆಟ್ 50 ಸೆಕೆಂಡಿನಲ್ಲಿ ತುಂಬಬೇಕು. ಸಮಯ ಅಷ್ಟೇ ಇದ್ದು ಒತ್ತಡ ಮಾತ್ರ ಇಳಿದಿದ್ದರೆ ನಾಜಲ್ ಸವೆದಿದೆ ಎಂದು ತಿಳಿಯುವುದು. ಒತ್ತಡ ಇಳಿದು, ಬಕೆಟ್ ತುಂಬಲು ಹೆಚ್ಚು ಸಮಯವೂ ಹಿಡಿದರೆ ಫಿಲ್ಟರ್ ಅಥವಾ ಪಂಪಿನ ವಾಲ್ವ್ ಮತ್ತು ಸೀಲುಗಳನ್ನು ಪರಿಶೀಲಿಸುವುದು. ರಂಧ್ರದ ವಿಸ್ತೀರ್ಣವು ಶೇ. 10ರಷ್ಟು ಹಿಗ್ಗಿದರೆ ಒತ್ತಡ ಸುಮಾರು ಶೇ. 17ರಷ್ಟು ಇಳಿಯುತ್ತದೆ. ಅಲ್ಪ ಬೆಲೆಯ ನಾಜಲನ್ನು ಬದಲಿಸದಿದ್ದರೆ ನಷ್ಟವು ನೀರು ಮತ್ತು ವಿದ್ಯುತ್ ಬಿಲ್ಲಿನಲ್ಲಿ ಕಾಣಿಸುತ್ತದೆ.

5. ಸುರಕ್ಷತೆ

ಗನ್ನಿನ ನೀರು ಚರ್ಮವನ್ನು ತೂರಿ ಒಳಹೋಗಬಲ್ಲದು. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಮಕ್ಕಳ ಕೈಗೆ ಗನ್ ನೀಡಬಾರದು. ಮೋಟಾರಿಗೆ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್‌ನ ಸೋರಿಕೆ ರಕ್ಷಣಾ ಸ್ವಿಚ್ ಅಳವಡಿಸುವುದು. ಈ ಎಚ್ಚರಿಕೆಗಳನ್ನು ಪ್ರತಿ ಬೇಯಲ್ಲಿಯೂ ಕನ್ನಡದಲ್ಲಿ ಫಲಕದ ಮೂಲಕ ಪ್ರದರ್ಶಿಸುವುದು.

6. ತ್ಯಾಜ್ಯ ನೀರು ಮತ್ತು ಅನುಮತಿಗಳು

ತೊಳೆದ ನೀರಿನಲ್ಲಿ ಮಣ್ಣು, ಎಣ್ಣೆ ಮತ್ತು ಗ್ರೀಸ್ ಇರುತ್ತವೆ. ಇದನ್ನು ಮಣ್ಣು ತಂಗುವ ತೊಟ್ಟಿ ಹಾಗೂ ಎಣ್ಣೆ ಬೇರ್ಪಡಿಸುವ ತೊಟ್ಟಿಗಳ ಮೂಲಕ ಹಾಯಿಸದೆ ಮಳೆನೀರಿನ ಚರಂಡಿಗೆ ಬಿಟ್ಟಲ್ಲಿ ಅದು ಕೆರೆಯನ್ನು ಸೇರುತ್ತದೆ. ಪರಿಸರ (ಸಂರಕ್ಷಣೆ) ನಿಯಮಗಳು, 1986ರ ಸಾಮಾನ್ಯ ಮಾನದಂಡದಂತೆ ಎಣ್ಣೆ ಮತ್ತು ಗ್ರೀಸ್ ಪ್ರಮಾಣವು ಪ್ರತಿ ಲೀಟರಿಗೆ ಒಳನಾಡು ಜಲಮೂಲಗಳಿಗೆ 10 ಮಿಲಿಗ್ರಾಂ, ಸಾರ್ವಜನಿಕ ಒಳಚರಂಡಿಗೆ 20 ಮಿಲಿಗ್ರಾಂ ಮೀರಬಾರದು. ತಿಳಿಗೊಳಿಸಿದ ನೀರನ್ನು ಚಕ್ರ ಮತ್ತು ಚಾಸಿಗಳ ಮೊದಲ ತೊಳೆತಕ್ಕೆ ಮರುಬಳಕೆ ಮಾಡಬಹುದು.

ಹಣ ಹೂಡುವ ಮುನ್ನ ಈ ಕೆಳಕಂಡವುಗಳ ಬಗ್ಗೆ ಸಂಬಂಧಪಟ್ಟ ಕಚೇರಿಗಳಲ್ಲಿ ವಿಚಾರಿಸಿಕೊಳ್ಳುವುದು:

ಅ) ತುಮಕೂರಿನಲ್ಲಿ ಮಹಾನಗರ ಪಾಲಿಕೆ, ಗುಬ್ಬಿ ಮತ್ತು ಕುಣಿಗಲ್‌ನಲ್ಲಿ ಆಯಾ ಪಟ್ಟಣದ ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ.
ಆ) ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974ರಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ.
ಇ) ಕೊಳವೆ ಬಾವಿ ಕೊರೆಯುವುದಿದ್ದಲ್ಲಿ, 2011ರ ಕರ್ನಾಟಕ ಅಂತರ್ಜಲ ಅಧಿನಿಯಮದಡಿ ಅಗತ್ಯವಿರುವ ಅನುಮತಿ.
ಈ) ಬೆಸ್ಕಾಂ ವಿದ್ಯುತ್ ಸಂಪರ್ಕ.

ಪಂಪಿನ ಸಾಮರ್ಥ್ಯ, ನಾಜಲ್ ಸಂಖ್ಯೆ, ದಿನದ ನೀರಿನ ಬಳಕೆ, ನೀರಿನ ಮೂಲ ಹಾಗೂ ತೊಟ್ಟಿಗಳ ನಕ್ಷೆಯನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಂಡಲ್ಲಿ ಎಲ್ಲ ಅರ್ಜಿಗಳಲ್ಲಿಯೂ ಒಂದೇ ವಿವರವನ್ನು ನಮೂದಿಸಲು ಅನುಕೂಲವಾಗುತ್ತದೆ.