ಹಣ ಹೂಡಿದವರಿಗೆ ಹೆಸರು, ದುಡಿದವರಿಗೆ ಬರೀ ಲೆಕ್ಕ

ನಿಮ್ಮ ಮುತ್ತಜ್ಜನ ಅಪ್ಪನ ಹೆಸರೇನು? ನನ್ನ ಮನೆಯಲ್ಲಿ ಮುತ್ತಜ್ಜನ ಹೆಸರಿಗೇ ದಾರಿ ನಿಲ್ಲುತ್ತೆ. ಕೇರಿಯಲ್ಲಿ ಯಾರನ್ನ ಕೇಳಿದ್ರೂ ಇದೇ ಕತೆ. "ಓದು ಬರಹ ಇರಲಿಲ್ಲ, ಮರೆತು ಹೋಯ್ತು" ಅಂತಾರೆ. ಇದು ಬರೀ ಮರೆವಲ್ಲ ಅಂತ ಹೇಳೋಕೆ ಇವತ್ತು ಸ್ವಲ್ಪ ಉದ್ದ ಬರೀತಿದ್ದೀನಿ. ಪೂರ್ತಿ ಓದಿ.

ಮೊದಲು ಲಂಡನ್ನಿನ ಗಿಲ್ಡ್‌ಗಳನ್ನ ನೋಡೋಣ. ದಿನಸಿ ವರ್ತಕರು, ಮೀನು ವ್ಯಾಪಾರಿಗಳು, ಅಕ್ಕಸಾಲಿಗರು, ದರ್ಜಿಗಳು, ಹೀಗೆ ಒಂದೊಂದು ಕಸುಬಿಗೂ ಒಂದೊಂದು ಸಂಘ. ಹುಡುಗನೊಬ್ಬ ಕೆಲಸ ಕಲಿಯೋಕೆ ಸೇರಿದ್ರೆ ಅವನ ಹೆಸರು, ಅಪ್ಪನ ಹೆಸರು, ಊರು, ಅಪ್ಪನ ಕಸುಬು ಎಲ್ಲ ಪುಸ್ತಕಕ್ಕೆ ಏರುತ್ತಿತ್ತು. ಸಾಮಾನ್ಯವಾಗಿ 7 ವರ್ಷ ದುಡಿದ ಮೇಲೆ ಅವನೇ ಸದಸ್ಯ. ಆ ಪುಸ್ತಕಗಳಲ್ಲಿ ಎಷ್ಟೋ ಇವತ್ತಿಗೂ ಉಳಿದಿವೆ, ಕಂಪ್ಯೂಟರಿನಲ್ಲೇ ಹುಡುಕಬಹುದು. ಅಲ್ಲಿನ ದರ್ಜಿಯ ವಂಶದವನು 400 ವರ್ಷ ಹಿಂದಿನ ಅಜ್ಜನನ್ನ ಹೆಸರು ಹಿಡಿದು ಕರೆಯಬಲ್ಲ.

ಇದೇ ಗಿಲ್ಡ್‌ಗಳು ವಸಾಹತಿಗೂ ಬಂಡವಾಳ ಹಾಕಿದವು. 1609ರಲ್ಲಿ ವರ್ಜೀನಿಯಾ ಕಂಪನಿಗೆ ಸಿಕ್ಕ ಎರಡನೇ ರಾಜಸನ್ನದಿನಲ್ಲಿ 659 ಜನರ ಹೆಸರೂ 56 ಗಿಲ್ಡ್‌ಗಳ ಹೆಸರೂ ಇವೆ. ಒಂದು ಷೇರಿನ ಬೆಲೆ 12 ಪೌಂಡ್ 10 ಷಿಲಿಂಗ್. ನಗರದ ಬಡವರನ್ನ ಹಡಗು ಹತ್ತಿಸಿ ಸಾಗಹಾಕಬಹುದು ಅನ್ನೋದೂ ಹಣ ಕೇಳುವಾಗ ಕೊಟ್ಟ ಒಂದು ಕಾರಣ. ಹಣ ಹಾಕಿದವನ ಹೆಸರು ಸನ್ನದಿನಲ್ಲೇ ಶಾಶ್ವತವಾಯ್ತು.

ಈಗ ಅದೇ ವರ್ಜೀನಿಯಾಗೆ ಬನ್ನಿ. 1619ರ ಆಗಸ್ಟಿನಲ್ಲಿ ಒಂದು ಹಡಗು ಅಂಗೋಲಾ ಕಡೆಯ ಆಫ್ರಿಕನ್ನರನ್ನ ತಂದು ಇಳಿಸಿತು. ಆಹಾರಕ್ಕೆ ಬದಲಾಗಿ ಅವರನ್ನ ಕೊಂಡ ವಿಷಯವನ್ನ ಜಾನ್ ರಾಲ್ಫ್ ಪತ್ರದಲ್ಲಿ ಬರೆದಿದ್ದಾನೆ. ಇಪ್ಪತ್ತಕ್ಕೆ ಮೇಲೆ ಕೆಲವರು, ಅಷ್ಟೇ. ಒಂದು ಹೆಸರೂ ಇಲ್ಲ. 1625ರ ಎಣಿಕೆಯಲ್ಲಿ ಆಂಟನಿ, ಇಸಬೆಲ್, ಅವರ ಮಗು ವಿಲಿಯಂ ಅಂತ ಒಂದು ಕುಟುಂಬ ಸಿಗುತ್ತೆ, ಅದೂ ಟಕರ್ ಅನ್ನೋ ಕ್ಯಾಪ್ಟನ್ನಿನ ಮನೆಯ ಲೆಕ್ಕದಲ್ಲಿ. 1850, 1860ರ ಅಮೆರಿಕದ ಗುಲಾಮರ ಪಟ್ಟಿಗಳಲ್ಲೂ ಹೆಸರು ಇರೋದು ಒಡೆಯನದು. ಅದರ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ. ಬಿಡುಗಡೆಯಾದವರಿಗೆಲ್ಲ ಹೆಸರು ಸಿಕ್ಕಿದ್ದು 1870ರ ಜನಗಣತಿಯಲ್ಲಿ. ಅದಕ್ಕೇ ಅಲ್ಲಿನ ಕಪ್ಪು ಜನ ಆ ವರ್ಷವನ್ನ 'ಗೋಡೆ' ಅಂತಾರೆ.

ಆ ಗೋಡೆ ದಾಟೋಕೆ ಅವರೊಂದು ದಾರಿ ಹುಡುಕಿಕೊಂಡರು. ಅಜ್ಜನ ಹೆಸರು ಬಿಟ್ಟು ಒಡೆಯನ ಹೆಸರು ಹಿಡಿದು ಹೊರಟರು. ಅವನ ಉಯಿಲು, ಆಸ್ತಿ ಪಟ್ಟಿ, ಅಡಮಾನ ಪತ್ರ ತೆರೆದರು. ದನ, ಪಾತ್ರೆ, ನೇಗಿಲಿನ ಜೊತೆಗೆ ಬೆಲೆ ಕಟ್ಟಿ ಬರೆದಿದ್ದ ತಮ್ಮ ಅಜ್ಜಿ ಅಲ್ಲಿ ಸಿಕ್ಕಳು. ಓದುವಾಗ ಕರುಳು ಕಿವುಚುತ್ತೆ. ಆದ್ರೆ ಸಿಕ್ಕಳು.

ಇದು ದೂರದ ಕತೆ ಅನ್ನಬೇಡಿ. ವರ್ಜೀನಿಯಾ ಕಂಪನಿಯ ಖಜಾಂಚಿಯಾಗಿದ್ದ ಥಾಮಸ್ ಸ್ಮಿಥ್ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಕೂಡ. ಇನ್ನೂರು ವರ್ಷ ಕಳೆದು ಅದೇ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು, ಮಲಬಾರ್, ಕೆನರಾ ಸುತ್ತಿದ. ಮಲಬಾರಿನಲ್ಲಿ ಚೆರುಮರನ್ನ ಭೂಮಿಯಂತೆಯೇ ಮಾರ್ತಾರೆ, ಅಡ ಇಡ್ತಾರೆ, ಗೇಣಿಗೆ ಕೊಡ್ತಾರೆ ಅಂತ ಬರೆದ. ಅಂಜರಕಂಡಿಯ ಕಂಪನಿ ತೋಟದಲ್ಲೇ ಗುಲಾಮರು ದುಡಿದರು. 1843ರ ಕಾಯ್ದೆ ಬಂದ ಮೇಲೆ ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ಹೋಯ್ತು. ಜಾತಿ ಹೋಗಲಿಲ್ಲ. ಗಿಲ್ಡಿನ ಬಾಗಿಲು 7 ವರ್ಷ ದುಡಿದವನಿಗೆ ತೆರೀತು. ನಮ್ಮವರು ತಲೆಮಾರುಗಟ್ಟಲೆ ದುಡಿದ್ರೂ ಗೌಡರ ಮನೆ ಹೊಸ್ತಿಲು ದಾಟಲಿಲ್ಲ.

ಅಮೆರಿಕನ್ನರು ಕಪ್ಪು ಗುಲಾಮರನ್ನ ಬಿಡುಗಡೆ ಮಾಡಿದ್ದಕ್ಕೆ ಗೌರವ ಸಲ್ಲಿಸಿ ಜ್ಯೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ'ಯನ್ನ ಅವರಿಗೆ ಅರ್ಪಿಸಿದರು. ಇವತ್ತು ಕಪ್ಪು ಜನರಿಂದ ನಾವು ಕಲಿಯಬೇಕಾದ್ದು ಈ ಹುಡುಕಾಟದ ವಿದ್ಯೆ.

ಯಾಕಂದ್ರೆ ನಮಗೆ ಇದು ಬರೀ ಹೆಮ್ಮೆಯ ಪ್ರಶ್ನೆ ಅಲ್ಲ, ಅನ್ನದ ಪ್ರಶ್ನೆ. 1978ರ ಪಿಟಿಸಿಎಲ್ ಕಾಯ್ದೆ ಇದೆ, ಮಂಜೂರಾದ ಜಮೀನು ಕೈತಪ್ಪಿದ್ರೆ ವಾಪಸ್ ಕೇಳಬಹುದು. ಕೇಳೋಕೆ ಹೋದ್ರೆ ಮೊದಲ ಮಾತು "ವಂಶವೃಕ್ಷ ತನ್ನಿ". ನಮ್ಮ ಹೆಸರು ಬರೆಯದ ವ್ಯವಸ್ಥೆಯೇ ಈಗ ನಮ್ಮ ಹೆಸರಿಗೆ ದಾಖಲೆ ಕೇಳುತ್ತೆ!

ಅದಕ್ಕೇ ಹೇಳ್ತಿದ್ದೀನಿ. ತೋಟಿ, ತಳವಾರ, ನೀರಗಂಟಿ ಇನಾಮಿನ ಹಳೇ ಪುಸ್ತಕ ಹುಡುಕಿ. ಶಾಲೆಯ ದಾಖಲಾತಿ ಪುಸ್ತಕ ನೋಡಿ. ನಿಮ್ಮ ಅಜ್ಜ ಯಾರ ಮನೆಯಲ್ಲಿ ಜೀತಕ್ಕಿದ್ದ ಅಂತ ಕೇಳಿ, ಆ ಮನೆಯ ಸಾಲಪತ್ರ, ಭೋಗ್ಯಪತ್ರಗಳ ನಕಲು ತೆಗೆಸಿ. ಒಡೆಯನ ಲೆಕ್ಕದಲ್ಲೇ ನಮ್ಮವರು ಕೂತಿರ್ತಾರೆ. ಅದಕ್ಕೂ ಮೊದಲು ಈ ವಾರವೇ ಕೇರಿಯ ಹಿರಿಯರ ಹತ್ತಿರ ಕೂತು ಅವರಿಗೆ ನೆನಪಿರೋ ಹೆಸರನ್ನೆಲ್ಲ ಬರೆದಿಡಿ. ಅಜ್ಜಿಯರ ತವರಿನ ಹೆಸರನ್ನೂ ಬಿಡಬೇಡಿ.

ಜೈ ಭೀಮ್.