ಅಲಾಯ್ ವೀಲ್ ಹಾಕಿಸ್ತೀರಾ? ಮೊದಲು ನಟ್ಟು ನೋಡಿ: ಯಾವ ಕಾರಿಗೆ ಯಾವ ಅಳತೆ, ಪೂರ್ತಿ ಮಾಹಿತಿ ಇಲ್ಲಿದೆ

ಹಾಸನ: ಕಾರಿಗೆ ಹೊರಗಡೆಯಿಂದ ಅಲಾಯ್ ವೀಲ್ ಹಾಕಿಸೋರು ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತು ಡಿಸೈನ್ ಆರಿಸ್ತಾರೆ. ಕಪ್ಪು ಚೆನ್ನಾಗಿರುತ್ತಾ, ಸಿಲ್ವರ್ ಚೆನ್ನಾಗಿರುತ್ತಾ, 15 ಇಂಚು ಸಾಕಾ, 16 ಹಾಕಿಸೋಣ್ವಾ ಅಂತ ನಾಲ್ಕು ಜನ ಸ್ನೇಹಿತರಿಗೆ ಫೋಟೊ ಕಳಿಸಿ ಕೇಳ್ತಾರೆ. ಕೊನೆಗೆ ಫಿಟ್ಟಿಂಗ್ ಹುಡುಗ ಕೇಳ್ತಾನೆ, "ಅಣ್ಣಾ, ಹಳೇ ನಟ್ಟೇ ಹಾಕ್ಲಾ?" "ಹೂಂ, ಹಾಕಪ್ಪ." ಅಲ್ಲಿಗೆ ಮಾತು ಮುಗೀತು.

ಅದೇ ಕಾರು ಮುಂದಿನ ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಶಿರಾಡಿ ಘಾಟ್ ಇಳಿಯುತ್ತೆ. ಒಂದೊಂದು ಚಕ್ರವನ್ನು ಕಾರಿಗೆ ಹಿಡಿದಿಟ್ಟಿರೋದು ಬರೀ ನಾಲ್ಕೈದು ನಟ್ಟು. ಅವು ಆ ಚಕ್ರಕ್ಕೆ ಹೊಂದುತ್ತವಾ ಅಂತ ಯಾರೂ ನೋಡಿರಲ್ಲ.

ಎಷ್ಟೋ ಕಾರುಗಳಲ್ಲಿ ಹಳೇ ನಟ್ಟು ಹೊಸ ವೀಲಿಗೂ ಸರಿಹೋಗುತ್ತೆ, ಅದರಲ್ಲಿ ತಪ್ಪಿಲ್ಲ. ಕೆಲವು ಕಾರುಗಳಲ್ಲಿ ಸರಿಹೋಗಲ್ಲ. ಆದರೆ ಬಿಗಿ ಆದ ಹಾಗೇ ಕಾಣುತ್ತೆ, ತೊಂದರೆ ಇರೋದೇ ಅಲ್ಲಿ. ನೆನಪಿಡಬೇಕಾದ ಲೆಕ್ಕ ಇಷ್ಟೇ: ನಟ್ಟಿನ ಒಳಗಿನ ಅಳತೆ ಕಾರಿನದ್ದು, ಹೊರಗಿನ ಆಕಾರ ವೀಲಿನದ್ದು. ಎರಡೂ ಹೊಂದಿದರೆ ಮಾತ್ರ ಅದು ನಿಮ್ಮ ನಟ್ಟು.

ಒಳಗಿನ ಅಳತೆ: ಥ್ರೆಡ್

ಪ್ಯಾಕೆಟ್ ಮೇಲೆ ಎಂ12×1.25 ಅಥವಾ ಎಂ12×1.5 ಅಂತ ಬರೆದಿರುತ್ತೆ. 12 ಅಂದ್ರೆ ಸ್ಟಡ್ಡಿನ ದಪ್ಪ, 12 ಮಿಲಿಮೀಟರ್. ಆಮೇಲಿನದ್ದು ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಇರೋ ಅಂತರ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಅಂಗಡಿಯವರೂ ಡಬ್ಬದಲ್ಲಿ ಎರಡನ್ನೂ ಕಲಸಿಟ್ಟಿದ್ದರೆ ಕಥೆ ಮುಗೀತು.

ಮಾರುತಿ ಸುಜುಕಿಯ ಸ್ವಿಫ್ಟ್, ವ್ಯಾಗನ್ ಆರ್, ಬಲೆನೊ ಇವಕ್ಕೆಲ್ಲ 1.25. ನಿಸಾನ್‌ನ ಹಲವು ಕಾರುಗಳಿಗೂ 1.25. ಹ್ಯುಂಡೈ, ಕಿಯಾ, ಹೋಂಡಾ, ಟೊಯೊಟಾದ ಇನ್ನೋವಾ, ಫಾರ್ಚೂನರ್ ಇವಕ್ಕೆ 1.5. ಇಲ್ಲಿ ಹೆಸರಿಲ್ಲದ ಕಾರಾದರೆ ಊಹೆ ಬೇಡ, ಒಂದು ನಟ್ಟು ಬಿಚ್ಚಿ ಜೇಬಲ್ಲಿ ಹಾಕ್ಕೊಂಡು ಅಂಗಡಿಗೆ ಹೋಗಿ.

ಒಂದು ಕಡೆ ಮಾತ್ರ ಬಹಳ ಜನ ಎಡವ್ತಾರೆ. ಟೊಯೊಟಾ ಗ್ಲಾಂಝಾ. ಮುಂದೆ ಟೊಯೊಟಾ ಲೋಗೊ ಇದೆ ಅಂತ ಟೊಯೊಟಾ ನಟ್ಟು ಕೇಳಿದ್ರೆ 1.5 ಕೊಡ್ತಾರೆ. ಆದ್ರೆ ಗ್ಲಾಂಝಾ ಒಳಗೆ ಇರೋದು ಬಲೆನೊ, ಅದಕ್ಕೆ ಬೇಕಾಗಿರೋದು ಸುಜುಕಿಯ 1.25. ಲೋಗೊ ನೋಡಿ ನಟ್ಟು ತಗೋಬೇಡಿ.

ತಪ್ಪು ನಟ್ಟನ್ನು ಕೈಯಲ್ಲಿ ತಿರುಗಿಸಿದರೆ ಎರಡು ಮೂರು ಸುತ್ತು ಹೋಗಿ ಅಲ್ಲೇ ಕಚ್ಚಿಕೊಳ್ಳುತ್ತೆ. ಕಾರೇ ನಿಮಗೆ "ಬೇಡ" ಅಂತ ಹೇಳೋದು ಆ ಜಾಗದಲ್ಲಿ. ಆದರೆ ಏರ್ ಗನ್ ಹಿಡಿದವನಿಗೆ ಅದು ಕೇಳಿಸಲ್ಲ. ಟರ್ರ್ ಅಂತ ಒತ್ತಿದರೆ ನಟ್ಟು ಸ್ಟಡ್ಡಿನ ಥ್ರೆಡ್ ಕಿತ್ತುಕೊಂಡು ಒಳಗೆ ಹೋಗುತ್ತೆ, ಬಿಗಿಯೂ ಆಗುತ್ತೆ. ಮುಂದಿನ ಸಲ ಪಂಕ್ಚರ್ ಆದಾಗ ಬಿಚ್ಚೋಕೆ ಹೋದ್ರೆ ಸ್ಟಡ್ಡೇ ಮುರಿದು ಕೈಗೆ ಬರುತ್ತೆ. ಅದಕ್ಕೇ ಪ್ರತಿ ನಟ್ಟನ್ನೂ ಮೊದಲು ಬೆರಳಲ್ಲೇ ಕೊನೆವರೆಗೆ ತಿರುಗಿಸಿ ಅಂತ ಫಿಟ್ಟಿಂಗ್ ಹುಡುಗನಿಗೆ ಹೇಳಿ. ಅವನು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಅಳೆದು ನೋಡ್ಬೇಕು ಅನ್ನೋರಿಗೆ ಸ್ಕೂಲ್ ಸ್ಕೇಲೇ ಸಾಕು. ಸ್ಟಡ್ ಪಕ್ಕ ಸ್ಕೇಲ್ ಹಿಡಿದು 15 ಮಿಲಿಮೀಟರ್‌ನಲ್ಲಿ ಎಷ್ಟು ಥ್ರೆಡ್ ಬರುತ್ತೆ ಎಣಿಸಿ. 12 ಬಂದ್ರೆ 1.25, 10 ಬಂದ್ರೆ 1.5.

ಹೊರಗಿನ ಆಕಾರ: ನಟ್ಟು ಕೂರೋ ಜಾಗ

ಹೆಚ್ಚು ಅಪಾಯ ಇರೋದು ಇಲ್ಲೇ, ಯಾಕಂದ್ರೆ ಇಲ್ಲಿ ನಟ್ಟು ಎಲ್ಲೂ ಕಚ್ಚಿಕೊಳ್ಳಲ್ಲ. ಸಲೀಸಾಗಿ ಹೋಗಿ ಬಿಗಿ ಆಗುತ್ತೆ.

ನಟ್ಟು ವೀಲನ್ನು ಮುಟ್ಟೋ ಭಾಗ ಮುಖ್ಯವಾಗಿ ಮೂರು ಥರ ಇರುತ್ತೆ. ಒಂದು ಕೋನ್, ಅಂದ್ರೆ ಐಸ್‌ಕ್ರೀಂ ಕೋನ್ ಥರ ಇಳಿಜಾರು, 60 ಡಿಗ್ರಿ. ಹೊರಗಡೆ ಸಿಗೋ ಅಲಾಯ್‌ಗಳಲ್ಲಿ ಬಹುಪಾಲು ಇದೇ. ಎರಡನೇದು ಬಾಲ್, ಗೋಲಿ ಥರ ಗುಂಡಗಿರೋದು. ಹೋಂಡಾ ಕಂಪನಿ ವೀಲುಗಳಿಗೆ ಬರೋದು ಇದು. ಮೂರನೇದು ಚಪ್ಪಟೆ ವಾಷರ್ ಇರೋ ನಟ್ಟು. ವಾಷರ್ ಕೆಳಗೆ ಕೊಳವೆ ಥರ ಒಂದು ಉದ್ದ ಭಾಗ ಇದ್ದು, ಅದು ವೀಲಿನ ತೂತಿನೊಳಗೆ ಹೋಗಿ ಕೂರುತ್ತೆ. ಟೊಯೊಟಾದ ಹಲವು ಕಂಪನಿ ಅಲಾಯ್‌ಗಳಲ್ಲಿ ಇದನ್ನು ನೋಡಬಹುದು.

ಹೋಂಡಾ ಸಿಟಿಯನ್ನೇ ತಗೊಳ್ಳಿ. ಕಂಪನಿ ಡಿಸ್ಕ್ ಬಿಚ್ಚಿ ಹೊರಗಿನ ಅಲಾಯ್ ಹಾಕಿಸ್ತೀರಿ. ವೀಲಿನ ತೂತು ಕೋನ್, ನಿಮ್ಮ ಹಳೇ ನಟ್ಟು ಗುಂಡು. ಗೋಲಿಯನ್ನು ಆಲಿಕೆಯೊಳಗೆ ಇಟ್ಟ ಹಾಗೆ. ಮುಟ್ಟೋದು ಸುತ್ತಲೂ ದಾರದಷ್ಟು ಸಣ್ಣ ಗೆರೆ ಮಾತ್ರ. ಪಾನಾ ಹಾಕಿ ತಿರುಗಿಸಿದವನ ಕೈಗೆ ಬಿಗಿ ಅನ್ಸುತ್ತೆ. ಓಡ್ತಾ ಓಡ್ತಾ ಆ ಗೆರೆ ಅಲ್ಯೂಮಿನಿಯಂ ಒಳಗೆ ಒತ್ತಿಕೊಂಡು ಹೋಗುತ್ತೆ, ಅಷ್ಟೇ ಪ್ರಮಾಣದಲ್ಲಿ ಬಿಗಿ ಕಮ್ಮಿ ಆಗುತ್ತೆ.

ಬಿಗಿ ಕಮ್ಮಿ ಆದ್ರೆ ಏನಾಗುತ್ತೆ ಅನ್ನೋದಕ್ಕೆ ನಟ್ಟು ಮಾಡೋ ಕೆಲಸ ತಿಳ್ಕೋಬೇಕು. ಕಾರಿನ ಭಾರ ಸ್ಟಡ್ಡುಗಳ ಮೇಲೆ ನೇತಾಡ್ತಿದೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಹಾಗಲ್ಲ. ನಟ್ಟು ಬಿಗಿ ಮಾಡಿದಾಗ ಸ್ಟಡ್ ರಬ್ಬರ್ ಥರ ಒಂಚೂರು ಎಳೆದುಕೊಳ್ಳುತ್ತೆ. ಆ ಎಳೆತ ವೀಲನ್ನು ಹಬ್‌ಗೆ ಅದುಮಿ ಹಿಡಿಯುತ್ತೆ. ಎರಡು ಲೋಹ ಒತ್ತಿಕೊಂಡಾಗ ಬರೋ ಹಿಡಿತವೇ ಭಾರ ಹೊರೋದು, ಬ್ರೇಕ್ ತಡೆಯೋದು. ಅದುಮೋ ಶಕ್ತಿ ಹೋಯ್ತು ಅಂದ್ರೆ ವೀಲು ಹಬ್ ಮೇಲೆ ಸಣ್ಣಗೆ ಅಲುಗಾಡೋಕೆ ಶುರು. ಆಗ ಪ್ರತಿ ಸುತ್ತಿಗೂ ಸ್ಟಡ್ ಆ ಕಡೆ ಈ ಕಡೆ ಬಾಗುತ್ತೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯೋದು ಎಲ್ಲರಿಗೂ ಗೊತ್ತು. ಇಲ್ಲೂ ಅದೇ ಆಗೋದು. ಒಂದು ಸ್ಟಡ್ ಹೋದರೆ ಅದರ ಭಾರ ಉಳಿದವಕ್ಕೆ, ಆಮೇಲೆ ಎರಡನೇದು.

ಟೊಯೊಟಾ ವಾಷರ್ ನಟ್ಟನ್ನು ಕೋನ್ ತೂತಿಗೆ ಹಾಕೋದು ಇದಕ್ಕಿಂತ ಕೆಟ್ಟದ್ದು. ವಾಷರ್ ಒಳಗೆ ಇಳಿಯೋದೇ ಇಲ್ಲ, ಮೇಲೇ ಕೂತಿರುತ್ತೆ. ಉಲ್ಟಾನೂ ಅಷ್ಟೇ: ಸೆಕೆಂಡ್ ಹ್ಯಾಂಡಲ್ಲಿ ಇನ್ನೋವಾದ ಕಂಪನಿ ಅಲಾಯ್ ಸಿಕ್ತು ಅಂತ ತಂದು ಕೋನ್ ನಟ್ಟು ಹಾಕಿದರೆ ಕೋನ್ ಬರೀ ತೂತಿನ ಅಂಚನ್ನು ಕಚ್ಚಿಕೊಂಡಿರುತ್ತೆ. ಸೆಕೆಂಡ್ ಹ್ಯಾಂಡ್ ಅಲಾಯ್ ತಗೊಳ್ಳುವಾಗ ಅದರ ಜೊತೆ ಇದ್ದ ನಟ್ಟುಗಳನ್ನೂ ಕೇಳಿ ಇಸ್ಕೊಳ್ಳಿ. ಥ್ರೆಡ್ ಬೇರೆ ಆಗಿ ಉಪಯೋಗಕ್ಕೆ ಬರದಿದ್ರೂ ಯಾವ ಆಕಾರ ಬೇಕು ಅನ್ನೋದಕ್ಕೆ ಸ್ಯಾಂಪಲ್ ಆಗುತ್ತೆ. ತೂತುಗಳ ಒಳಗೂ ಟಾರ್ಚ್ ಬಿಟ್ಟು ನೋಡಿ. ದುಂಡಗಿರಬೇಕಾದ ತೂತು ಮೊಟ್ಟೆ ಆಕಾರಕ್ಕೆ ಬಂದಿದ್ರೆ ಎಷ್ಟೇ ಕಮ್ಮಿಗೆ ಕೊಟ್ರೂ ಬೇಡ.

ನಟ್ಟು ಸರಿಯಾಗಿ ಕೂರ್ತಿದೆಯಾ ಅಂತ ನೋಡೋಕೆ ಸುಲಭದ ದಾರಿ ಇದೆ. ನಟ್ಟಿನ ಇಳಿಜಾರು ಭಾಗಕ್ಕೆ ಮಾರ್ಕರ್ ಪೆನ್ ಬಳಿಯಿರಿ. ಹಾಕಿ, ಸ್ವಲ್ಪ ಬಿಗಿ ಮಾಡಿ, ಮತ್ತೆ ಬಿಚ್ಚಿ. ಬಣ್ಣ ಅಗಲವಾಗಿ ಸುತ್ತಲೂ ಅಳಿಸಿದ್ದರೆ ಸರಿಯಾಗಿ ಕೂತಿದೆ. ಸಣ್ಣ ಗೆರೆಯಷ್ಟೇ ಅಳಿಸಿದ್ದರೆ ಆ ನಟ್ಟು ಆ ವೀಲಿಗಲ್ಲ.

ಉದ್ದ ಎಷ್ಟಿರಬೇಕು?

ಕಬ್ಬಿಣದ ಡಿಸ್ಕ್ ತೆಳ್ಳಗೆ, ಅಲಾಯ್ ದಪ್ಪ. ದಪ್ಪ ವೀಲು ಹಾಕಿದಾಗ ಹೊರಗೆ ಕಾಣೋ ಸ್ಟಡ್ ಕಮ್ಮಿ ಆಗುತ್ತೆ, ನಟ್ಟಿಗೆ ಸಿಗೋ ಥ್ರೆಡ್ಡೂ ಕಮ್ಮಿ. ಕಮ್ಮಿ ಅಂದ್ರೂ ಸ್ಟಡ್ಡಿನ ದಪ್ಪದಷ್ಟು ಉದ್ದ ಥ್ರೆಡ್ ಸೇರಬೇಕು ಅನ್ನೋದು ಮೆಕ್ಯಾನಿಕ್‌ಗಳ ಲೆಕ್ಕ. ಸುತ್ತಿನ ಲೆಕ್ಕದಲ್ಲಿ ಹೇಳೋದಾದ್ರೆ 1.5 ಥ್ರೆಡ್ಡಿಗೆ 8 ಸುತ್ತು, 1.25ಕ್ಕೆ 10 ಸುತ್ತು. ಬಾಯಲ್ಲಿ ಎಣಿಸಿಕೊಂಡು ತಿರುಗಿಸಿ. ನಾಲ್ಕೈದು ಸುತ್ತಿಗೇ ನಿಂತರೆ ಆ ವೀಲು ಹಾಕ್ಕೊಂಡು ಓಡಿಸಬೇಡಿ. ಕಾರು ಅಗಲ ಕಾಣಲಿ ಅಂತ ವೀಲ್ ಹಿಂದೆ ಸ್ಪೇಸರ್ ತುರುಕೋರು ಇದನ್ನೇ ಕಳ್ಕೊಳ್ಳೋದು.

ಬಾಯಿ ಮುಚ್ಚಿದ ಟೋಪಿ ನಟ್ಟುಗಳಲ್ಲಿ ಇನ್ನೊಂದು ಕಾಟ. ನಟ್ಟಿನ ಆಳಕ್ಕಿಂತ ಸ್ಟಡ್ ಉದ್ದ ಇದ್ದರೆ, ಸ್ಟಡ್ಡಿನ ತುದಿ ಟೋಪಿಗೆ ಹೋಗಿ ಗುದ್ದುತ್ತೆ. ವೀಲು ಇನ್ನೂ ಸಡಿಲ, ಆದರೆ ನಟ್ಟು ತಿರುಗಲ್ಲ. ಬಿಗಿ ಆಯ್ತು ಅಂತ ಅಂದ್ಕೋತಾರೆ.

ಫೋಕ್ಸ್‌ವ್ಯಾಗನ್ ಪೋಲೊ, ವೆಂಟೊ, ಸ್ಕೋಡಾ ರಾಪಿಡ್ ಇದ್ದೋರಿಗೆ ಸ್ಟಡ್ಡೇ ಇಲ್ಲ, ಎಂ14×1.5 ಬೋಲ್ಟ್ ನೇರವಾಗಿ ಹಬ್ ಒಳಗೆ ಹೋಗುತ್ತೆ. ಕಂಪನಿ ಬೋಲ್ಟಿನ ತಲೆಯ ಕೆಳಭಾಗ ಗುಂಡು, ಹೊರಗಿನ ಅಲಾಯ್‌ಗೆ ಸಾಮಾನ್ಯವಾಗಿ ಕೋನ್ ಬೋಲ್ಟ್ ಬೇಕು. ಇಲ್ಲೂ 9 ಸುತ್ತಿಗಿಂತ ಕಮ್ಮಿ ಸೇರಬಾರದು. ಹಾಗಂತ ತೀರಾ ಉದ್ದ ತಗೊಂಡ್ರೆ ಹಬ್ ಹಿಂದಿನಿಂದ ಆಚೆ ಬಂದು ಒಳಗಿನ ಭಾಗಗಳಿಗೆ ಉಜ್ಜುತ್ತೆ.

ಪಾನಾ, ಲಾಕ್, ಬಣ್ಣದ ನಟ್ಟು

ಎಂಟು ತೂತಿನ ಅಲಾಯ್‌ಗಳಲ್ಲಿ ತೂತು ಕಿರಿದಾಗಿರೋದು ಮಾಮೂಲು. ಸಾದಾ ನಟ್ಟು ಇಳಿದರೂ ಪಾನಾ ಇಳಿಯಲ್ಲ. ಅದಕ್ಕೆ ಸುತ್ತ ಹಲ್ಲಿರೋ ತೆಳ್ಳನೆಯ ನಟ್ಟು, ಅದಕ್ಕೊಂದು ಕೀ ಬರುತ್ತೆ. ಕೀ ಮನೆಯ ಡ್ರಾಯರ್‌ನಲ್ಲಿಟ್ಟು ರಾತ್ರಿ ಹತ್ತಕ್ಕೆ ದೋಣಿಗಾಲ್ ಹತ್ರ ಪಂಕ್ಚರ್ ಆದ್ರೆ ದೇವರೇ ಗತಿ. ಕೀ ಇರಬೇಕಾದ ಜಾಗ ಡಿಕ್ಕಿ, ಸ್ಟೆಪ್ನಿ ಪಕ್ಕ. ಸಾದಾ ನಟ್ಟಾದರೂ ತಲೆ ಅಳತೆ ನೋಡ್ಕೊಳ್ಳಿ. ಮಾರುತಿ, ಹೋಂಡಾಗೆ 19ರ ಪಾನಾ, ಹ್ಯುಂಡೈ, ಟೊಯೊಟಾಗೆ 21. ಕಾರಿನ ಜೊತೆ ಬಂದ ಪಾನಾ ಹೊಸ ನಟ್ಟಿಗೆ ಕೂರಬೇಕು.

ನೀಲಿ, ಕೆಂಪು ಅಲ್ಯೂಮಿನಿಯಂ ನಟ್ಟುಗಳು ನೋಡೋಕೆ ಚೆಂದ, ಹಗುರ. ದಿನಾ ಓಡೋ ಕಾರಿಗೆ ಸ್ಟೀಲೇ ವಾಸಿ.

ಬಿಗಿ ಮಾಡೋದು ಎಷ್ಟು?

ಹೋಂಡಾ ಸಿಟಿಗೆ 108 ನ್ಯೂಟನ್ ಮೀಟರ್, ಪೋಲೊಗೆ 120. ನಿಮ್ಮ ಕಾರಿನದ್ದು ಡ್ಯಾಶ್‌ಬೋರ್ಡ್‌ನಲ್ಲಿರೋ ಪುಸ್ತಕದಲ್ಲಿರುತ್ತೆ, ಬಹುಶಃ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲ್ಲ. 30 ಸೆಂ.ಮೀ. ಪಾನಾ ಮೇಲೆ 70 ಕೆ.ಜಿ. ಆಸಾಮಿ ಹತ್ತಿ ನಿಂತರೆ 200 ನ್ಯೂಟನ್ ಮೀಟರ್ ದಾಟುತ್ತೆ, ಅಂದ್ರೆ ಬೇಕಾದ್ದಕ್ಕಿಂತ ಎರಡರಷ್ಟು ಹತ್ತಿರ. ಎಳೆದು ಎಳೆದು ಸ್ಟಡ್ ಸೋತುಹೋಗುತ್ತೆ. ಟಾರ್ಕ್ ರೆಂಚ್ ಇರೋ ಅಂಗಡಿಗೇ ಹೋಗಿ. ಥ್ರೆಡ್ಡಿಗೆ ಎಣ್ಣೆ, ಗ್ರೀಸ್ ಹಚ್ಚೋದೂ ಬೇಡ, ಅದೇ ಅಳತೆಗೆ ಬಿಗಿ ಮಾಡಿದ್ರೂ ಸ್ಟಡ್ ಜಾಸ್ತಿ ಎಳೆದುಕೊಳ್ಳುತ್ತೆ. ಅಕ್ಕಪಕ್ಕದ ನಟ್ಟುಗಳನ್ನು ಸಾಲಾಗಿ ಬಿಗಿ ಮಾಡದೆ ಎದುರುಬದುರಿನವನ್ನು ಮಾಡಬೇಕು, ಜಾಕ್ ಇಳಿಸೋ ಮೊದಲು ಅರ್ಧ, ಇಳಿಸಿದ ಮೇಲೆ ಪೂರ್ತಿ.

ವೀಲಿನ ಮಧ್ಯದ ದೊಡ್ಡ ತೂತು ಹಬ್‌ಗಿಂತ ಅಗಲ ಇದ್ದರೆ ನಡುವೆ ರಿಂಗ್ ಹಾಕಿಸಿ. ಸ್ವಿಫ್ಟ್‌ನ ಹಬ್ 54.1 ಮಿ.ಮೀ., ಹೊರಗಿನ ವೀಲುಗಳಲ್ಲಿ ತೂತು ಇದಕ್ಕಿಂತ ದೊಡ್ಡದೇ ಇರುತ್ತೆ. ರಿಂಗ್ ಇದ್ದರೆ ವೀಲು ಸರಿಯಾಗಿ ನಡುಮಧ್ಯಕ್ಕೆ ಕೂರುತ್ತೆ, ಸ್ಟಿಯರಿಂಗ್ ನಡುಗೋದು ತಪ್ಪುತ್ತೆ.

ಹೊಸ ವೀಲು ಹಾಕಿಸಿ 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಲೇಬೇಕು. ಬಣ್ಣ, ಧೂಳು ಒತ್ತಿಕೊಂಡು ಸ್ವಲ್ಪ ಸಡಿಲ ಆಗೋದು ಸಹಜ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ. ಹೋಗಿ ಬಂದರೆ ಲೆಕ್ಕಕ್ಕೆ ಸರಿಹೋಯ್ತು. ಹಾಕಿಸಿದ ದಿನವೇ ಘಾಟ್ ಇಳಿಯೋ ಪ್ಲಾನ್ ಮಾತ್ರ ಬೇಡ. ಓಡಿಸುವಾಗ ಟಕ್ ಟಕ್ ಸದ್ದು ಬಂದು, ಸ್ಪೀಡ್ ಜೊತೆ ಅದೂ ಜಾಸ್ತಿ ಆದರೆ, ಇಲ್ಲಾ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಅಲುಗಾಡಿದರೆ, ಊರು ತಲುಪಿ ನೋಡೋಣ ಅನ್ನಬೇಡಿ. ಪಕ್ಕಕ್ಕೆ ಹಾಕಿ, ಇಳಿದು ನಟ್ಟು ನೋಡಿ.

ಹಳೇ ನಟ್ಟು ಎಸೀಬೇಡಿ

ಬಹಳ ಅಂಗಡಿಗಳಲ್ಲಿ ಬಿಚ್ಚಿದ ನಟ್ಟು ಅಲ್ಲೇ ಉಳಿದುಬಿಡುತ್ತೆ, ಯಾರೂ ಕೇಳಲ್ಲ. ನಾಲ್ಕು ಅಲಾಯ್ ಹಾಕಿಸಿದರೂ ಡಿಕ್ಕಿಯಲ್ಲಿರೋ ಸ್ಟೆಪ್ನಿ ಕಂಪನಿಯದ್ದೇ ತಾನೇ? ಹೋಂಡಾದಲ್ಲಿ ಆ ಸ್ಟೆಪ್ನಿಗೆ ಗುಂಡು ನಟ್ಟೇ ಬೇಕು, ಹೊಸ ಕೋನ್ ನಟ್ಟು ಆಗಲ್ಲ. ಪೋಲೊಗೂ ಹಾಗೇ, ಹಳೇ ಬೋಲ್ಟ್ ಬೇಕು. ಸ್ವಿಫ್ಟ್ ಥರ ಎರಡಕ್ಕೂ ಕೋನ್ ಇರೋ ಕಾರಾದ್ರೂ, ಹೊಸ ಟೋಪಿ ನಟ್ಟು ತೆಳ್ಳನೆ ಡಿಸ್ಕ್ ಮೇಲೆ ತುದಿ ಗುದ್ದುತ್ತಾ ಅಂತ ಮನೆ ಮುಂದೆಯೇ ಒಮ್ಮೆ ಹಾಕಿ ನೋಡಿ. ಒಂದು ಚಕ್ರಕ್ಕೆ ಬೇಕಾಗುವಷ್ಟು, ನಾಲ್ಕೋ ಐದೋ ಹಳೇ ನಟ್ಟನ್ನು ಬಟ್ಟೆಯಲ್ಲಿ ಸುತ್ತಿ ಜಾಕ್ ಜೊತೆ ಇಟ್ಟಿರಿ.