ನೆಟ್ ಬಂದ್, ಪೋಸ್ಟ್ ಕೇಸ್, ಖಾತೆ ಫ್ರೀಜ್: ಕೋರ್ಟ್‌ಗಳು ಹೇಳಿದ್ದೇನು?

ಪುತ್ತೂರು: ದೇಶದ ಭದ್ರತೆ, ಸೈಬರ್ ಕಾನೂನು ಅಂದ್ರೆ ದಿಲ್ಲಿ, ಬೆಂಗಳೂರಿನ ವಿಚಾರ ಅಂತ ಅನ್ನಿಸಬಹುದು. ಆದರೆ ಪುತ್ತೂರು, ಸುಳ್ಯ, ಕಡಬ ಪೇಟೆಯಲ್ಲಿ ನೆಟ್ ನಿಂತರೆ ಅಂಗಡಿಯ ಕ್ಯುಆರ್ ಕೋಡ್ ಕೂಡ ನಿಲ್ಲುತ್ತದೆ. ಗ್ರೂಪಿಗೆ ಹಾಕಿದ ಒಂದು ಫಾರ್ವರ್ಡ್ ಠಾಣೆಯ ಮೆಟ್ಟಿಲು ಹತ್ತಿಸುತ್ತದೆ. ಕೋರ್ಟ್‌ಗಳು ಸರಕಾರದ, ಪೊಲೀಸರ ಅಧಿಕಾರವನ್ನು ಒಪ್ಪಿವೆ. ಜತೆಗೆ, ಕಾರಣ ಬರಹದಲ್ಲಿರಬೇಕು ಅಂತ ಮತ್ತೆ ಮತ್ತೆ ಹೇಳಿವೆ.

ವಾಟ್ಸಾಪ್ ಪೋಸ್ಟ್: ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿದೆ. ಅದರಡಿ ಯಾರ ಮೇಲೂ ಕೇಸ್ ನಡೆಸಬಾರದು ಎಂದು 2022ರಲ್ಲಿ ಮತ್ತೊಮ್ಮೆ ಹೇಳಿತು. ಹಾಗಂತ ಏನು ಬೇಕಾದರೂ ಹಾಕಬಹುದು ಎಂದಲ್ಲ. ದ್ವೇಷ ಹುಟ್ಟಿಸುವ ಪೋಸ್ಟ್, ಸುಳ್ಳು ಸುದ್ದಿಗೆ ಭಾರತೀಯ ನ್ಯಾಯ ಸಂಹಿತೆಯ 196, 353ನೇ ಸೆಕ್ಷನ್‌ಗಳಿವೆ; 3 ವರ್ಷದವರೆಗೆ ಜೈಲು ಆಗಬಹುದು. ಸದಸ್ಯ ಹಾಕಿದ ಪೋಸ್ಟಿಗೆ ಗ್ರೂಪ್ ಅಡ್ಮಿನ್ ಆಗಿದ್ದಾನೆ ಎಂಬ ಒಂದೇ ಕಾರಣಕ್ಕೆ ಅವನನ್ನು ಹೊಣೆ ಮಾಡಲಾಗದು ಎಂದು ಕೇರಳ ಹೈಕೋರ್ಟ್ 2022ರಲ್ಲಿ ತೀರ್ಪಿತ್ತಿದೆ.

ಬಂಧನ: ಯುಎಪಿಎಯಂಥ ಕಠಿಣ ಕಾಯ್ದೆಯಡಿ ಬಂಧಿಸಿದರೂ ಕಾರಣವನ್ನು ಲಿಖಿತವಾಗಿ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 2024ರ ಮೇ 15ರಂದು ನ್ಯೂಸ್‌ಕ್ಲಿಕ್ ಸಂಪಾದಕ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಹೇಳಿತು. 2025ರ ನವೆಂಬರ್ 6ರಂದು ಇದನ್ನು ಎಲ್ಲ ಅಪರಾಧಗಳಿಗೂ ಅನ್ವಯಿಸಿತು. ಆ ಬರಹ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅಂದರೆ ಕನ್ನಡ ಮಾತ್ರ ಓದಬಲ್ಲವನಿಗೆ ಇಂಗ್ಲಿಷ್ ಕಾಗದ ಕೊಟ್ಟರೆ ಸಾಲದು.

ಇಂಟರ್‌ನೆಟ್ ಬಂದ್: 2019ರ ಡಿಸೆಂಬರಿನಲ್ಲಿ ಮಂಗಳೂರು ಗೋಲಿಬಾರ್ ಬಳಿಕ ದಕ್ಷಿಣ ಕನ್ನಡದಲ್ಲಿ 48 ಗಂಟೆ ಮೊಬೈಲ್ ನೆಟ್ ಸ್ಥಗಿತಕ್ಕೆ ಆದೇಶವಾಗಿತ್ತು. ಮರು ತಿಂಗಳೇ, 2020ರ ಜನವರಿ 10ರಂದು, ಕಾಶ್ಮೀರದ ಅನುರಾಧಾ ಭಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಆದೇಶಗಳನ್ನು ಪ್ರಕಟಿಸಬೇಕು, ಅನಿರ್ದಿಷ್ಟ ಕಾಲ ಬಂದ್ ಮಾಡುವಂತಿಲ್ಲ ಎಂದಿತು. 2024ರ ಹೊಸ ನಿಯಮದಂತೆ ಒಂದು ಆದೇಶ 15 ದಿನ ಮೀರುವಂತಿಲ್ಲ.

ಪೋಸ್ಟ್ ತೆಗೆಸುವುದು: ಪೋಸ್ಟ್ ತೆಗೆಯುವಂತೆ ಕಂಪೆನಿಗಳಿಗೆ ನೋಟಿಸ್ ಕಳುಹಿಸಲು ಕೇಂದ್ರ ಮಾಡಿದ 'ಸಹಯೋಗ್' ಪೋರ್ಟಲನ್ನು ಎಕ್ಸ್ ಕಂಪೆನಿ ಪ್ರಶ್ನಿಸಿತ್ತು. ಕರ್ನಾಟಕ ಹೈಕೋರ್ಟಿನ ನ್ಯಾ. ಎಂ. ನಾಗಪ್ರಸನ್ನ ಅವರು 2025ರ ಸೆಪ್ಟೆಂಬರ್ 24ರಂದು ಅರ್ಜಿ ವಜಾ ಮಾಡಿದರು. ಕಂಪೆನಿ ಮೇಲ್ಮನವಿ ಸಲ್ಲಿಸಿದೆ. ಪೊಲೀಸರಿಗೆ ಇಷ್ಟು ಅಧಿಕಾರ ಬೇಕೇ ಎಂಬ ಚರ್ಚೆ ಮುಗಿದಿಲ್ಲ. 2025ರ ನವೆಂಬರ್ 15ರಿಂದ ಇಂಥ ನೋಟಿಸನ್ನು ಪೊಲೀಸ್ ಇಲಾಖೆಯಲ್ಲಿ ಡಿಐಜಿ ದರ್ಜೆಗಿಂತ ಕೆಳಗಿನವರು ಕೊಡುವಂತಿಲ್ಲ, ಕಾರಣವನ್ನೂ ಬರೆಯಬೇಕು.

ಖಾತೆ ಫ್ರೀಜ್: ಸೈಬರ್ ವಂಚನೆಯ ಹಣ ಕೈ ಬದಲಾಗಿ ಗಿರಾಕಿಯ ಮೂಲಕ ಅಂಗಡಿಯವರ ಖಾತೆಗೆ ಬಂದರೆ ಖಾತೆಯೇ ಫ್ರೀಜ್ ಆಗುವುದುಂಟು. ಪೊಲೀಸರ ಪತ್ರದಲ್ಲಿರುವ ಮೊತ್ತಕ್ಕೆ ಮಾತ್ರ ತಡೆ ಸೀಮಿತವಾಗಿರಬೇಕು ಎಂದು ಕೇರಳ ಹೈಕೋರ್ಟ್ 2023ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಕೇರಳದ ತೀರ್ಪು ಇಲ್ಲಿನ ಕೋರ್ಟನ್ನು ಕಟ್ಟಿಹಾಕುವುದಿಲ್ಲ, ಆದರೆ ವಕೀಲರು ಅದನ್ನು ಉಲ್ಲೇಖಿಸಬಹುದು.

ಹೀಗಾದಾಗ ಯಾವ ಠಾಣೆ, ದೂರಿನ ಸಂಖ್ಯೆ ಯಾವುದು, ಮೊತ್ತ ಎಷ್ಟು ಎಂಬುದನ್ನು ಬ್ಯಾಂಕಿನಿಂದ ಬರಹದಲ್ಲೇ ಪಡೆಯಿರಿ. ಆ ದಿನದ ಬಿಲ್ ಪ್ರತಿಯೊಂದಿಗೆ ತನಿಖಾಧಿಕಾರಿಗೆ ಬರೆಯಿರಿ. ಕೆಲಸ ಆಗದಿದ್ದರೆ ವಕೀಲರ ಮೂಲಕ ಕೋರ್ಟಿಗೆ ಹೋಗಬಹುದು. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಕೇಸ್ ಆದರೆ ಸೆಕ್ಷನ್ ಯಾವುದು, ಆದೇಶ ಯಾರದ್ದು, ಮೊತ್ತ ಎಷ್ಟು: ಈ ಮೂರನ್ನು ಕೇಳಲು ಹಿಂಜರಿಕೆ ಬೇಡ. ಬಾಯಿ ಮಾತಿನ ಉತ್ತರ ಕೋರ್ಟಿನಲ್ಲಿ ನಿಲ್ಲುವುದಿಲ್ಲ.